ಗೋಡೆ ಬಿದ್ದ ಮೇಲೆ ಮನೆಗೆ ಹೆಸರಿಡಬೇಡಿ

ನಿಮ್ಮ ಮನೆ ಪಕ್ಕಾನೋ, ಕಚ್ಚಾನೋ, ಇಲ್ಲಾ ಗುಡಿಸಲೋ?

ಉತ್ತರ ಗೊತ್ತು ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಈ ಪ್ರಶ್ನೆಗೆ ಉತ್ತರ ಬರೆಯುವವರು ನೀವಲ್ಲ. ಮನೆ ಕಟ್ಟಿದ ಗೌಂಡಿಯೂ ಅಲ್ಲ. ನೆರೆ ಇಳಿದ ಮೂರನೇ ದಿನವೋ ಹತ್ತನೇ ದಿನವೋ ಕೆಸರು ತುಳಿದುಕೊಂಡು ಬರುವ ಒಂದು ತಂಡ ಬರೆಯುತ್ತದೆ. ಅಷ್ಟು ಹೊತ್ತಿಗೆ ಅರ್ಧ ಮನೆ ಇರುವುದೇ ಇಲ್ಲ. ಇಲ್ಲದ ಗೋಡೆ ಎಂಥ ಗೋಡೆಯಾಗಿತ್ತು ಎಂದು ಬಿದ್ದ ಮಣ್ಣಿನ ಗುಡ್ಡೆ ನೋಡಿ ತೀರ್ಮಾನಿಸುತ್ತಾರೆ. ಆ ಒಂದು ಪದದ ಮೇಲೆ ನಿಮ್ಮ ಮುಂದಿನ ಹತ್ತು ವರ್ಷ ನಿಂತಿರುತ್ತದೆ.

ನಾವು ಹೇಳುವುದು ಇಷ್ಟೇ. ಮನೆ ಯಾವ ಬಗೆಯ ಕಟ್ಟಡ ಎಂಬುದನ್ನು ಅದು ನಿಂತಿರುವಾಗಲೇ ನೋಡಬೇಕು. ಬುನಾದಿ, ಗೋಡೆ, ಚಾವಣಿ ಎಂದು ಬೇರೆ ಬೇರೆಯಾಗಿ ಬರೆಯಬೇಕು. ಬರೆದದ್ದರ ಒಂದು ಪ್ರತಿ ಮನೆಯವರ ಕೈಯಲ್ಲಿರಬೇಕು. ಬಿದ್ದ ಮೇಲೆ ಹೆಸರಿಡುವ ಈಗಿನ ಪದ್ಧತಿ ಬಡವರ ಮನೆಗೆ ಎರಡನೇ ನೆರೆ ಇದ್ದ ಹಾಗೆ.

ಒಂದು ಪದಕ್ಕೆ ಬೆಲೆ ಎಷ್ಟು?

ಮೊದಲು ಲೆಕ್ಕ ನೋಡೋಣ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಸರ್ಕಾರ ದರಪಟ್ಟಿ ಮಾಡಿದೆ. 2022-23ರಿಂದ 2025-26ರವರೆಗಿನ ಪಟ್ಟಿ ಹೀಗಿದೆ. ಮನೆ ಪೂರ್ತಿ ಹಾಳಾದರೆ, ಪಕ್ಕಾ ಆಗಲಿ ಕಚ್ಚಾ ಆಗಲಿ, ಬಯಲು ಸೀಮೆಯಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಕಡಿಮೆ ಎಂದರೂ ಶೇ 15ರಷ್ಟು ಹಾನಿಯಾಗಿ ಭಾಗಶಃ ಬಿದ್ದಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಗುಡಿಸಲಿಗೆ, ಹಾನಿಯಾದರೂ ಅಷ್ಟೇ, ನಾಶವಾದರೂ ಅಷ್ಟೇ, 8,000.

ಈಗ ಕೊನೆಯ ಸಾಲನ್ನು ಮೊದಲ ಸಾಲಿನ ಪಕ್ಕ ಇಟ್ಟು ನೋಡಿ. ಪೂರ್ತಿ ಬಿದ್ದ ಮಣ್ಣಿನ ಮನೆಯನ್ನು ‘ಕಚ್ಚಾ ಮನೆ’ ಎಂದು ಬರೆದರೆ 1,20,000. ಅದನ್ನೇ ‘ಗುಡಿಸಲು’ ಎಂದು ಬರೆದರೆ 8,000. ಹದಿನೈದು ಪಟ್ಟು ವ್ಯತ್ಯಾಸ. ಒಂದು ಪದಕ್ಕೆ 1,12,000 ರೂಪಾಯಿ.

ಹಾಗಾದರೆ ಗುಡಿಸಲು ಎಂದರೇನು? ಆ ಪಟ್ಟಿಯಲ್ಲೇ ಟಿಪ್ಪಣಿ ಇದೆ. ಅದರ ಸಾರಾಂಶ: ಕಚ್ಚಾ ಮನೆಗಿಂತ ಕೆಳಮಟ್ಟದ, ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆ ಮುಂತಾದವುಗಳಿಂದ ಮಾಡಿದ ತಾತ್ಕಾಲಿಕ ವಸತಿ, ಜಿಲ್ಲೆಯ, ರಾಜ್ಯದ ಅಧಿಕಾರಿಗಳು ಗುಡಿಸಲು ಎಂದು ಗುರುತಿಸುತ್ತ ಬಂದಿರುವಂಥದ್ದು. ಇನ್ನೊಮ್ಮೆ ಓದಿ. ಮಣ್ಣು ಅಲ್ಲಿದೆ. ಪ್ಲಾಸ್ಟಿಕ್ ಅಲ್ಲಿದೆ. ಕೊನೆಗೆ, ಅಧಿಕಾರಿ ಗುಡಿಸಲು ಅಂದರೆ ಅದು ಗುಡಿಸಲು.

ನಮ್ಮ ಸೀಮೆಯಲ್ಲಿ ಇದರ ಅರ್ಥ ಏನಾಗುತ್ತದೆ ಅಂದರೆ, ಹೊಳೆದಂಡೆಯ ಒಂದು ಊರಿನಲ್ಲಿ ನಮ್ಮ ಎದುರಿಗೇ ನಡೆದ ಮಾತು ಕೇಳಿ. ಮೇಲ್ಮುದ್ದಿ ಮನೆ, ಹಿಂದಿನ ಗೋಡೆ ಪೂರ್ತಿ ಕುಸಿದಿತ್ತು. ಮಾಳಿಗೆ ಸೋರುತ್ತಿದ್ದುದರಿಂದ ಮಳೆಗಾಲಕ್ಕೆ ಮೊದಲೇ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು.

“ಸಾಹೇಬ್ರ, ನಮ್ಮ ಮಾವ ಕಟ್ಟಿಸಿದ ಮನಿ ಇದು. ಆರಂಕಣ ಐತಿ. ಇದಕ್ಕ ಗುಡಿಸಲ ಅಂತ ಬರೀತೀರೇನ?” ಎಂದರು ಮನೆಯ ಅಜ್ಜಿ.

“ಯವ್ವಾ, ಗ್ವಾಡಿ ಮಣ್ಣಿಂದೈತಿ. ಮ್ಯಾಲ ಪ್ಲಾಸ್ಟಿಕ್ ಐತಿ. ನಾ ಇನ್ನೇನ ಬರೀಲಿ?” ಎಂದರು ಸಾಹೇಬರು.

ಆ ಸಾಹೇಬರು ಕೆಟ್ಟವರಲ್ಲ. ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ, ಮುಂದೆ ಇನ್ನೂ ನಲವತ್ತು ಮನೆ ನೋಡುವುದಿತ್ತು. ಆದರೆ ಅವರ ಕೈಯಲ್ಲಿದ್ದ ಕಾಗದ ಆರಂಕಣದ ಬಗ್ಗೆ ಕೇಳುವುದಿಲ್ಲ. ಕಂಬ, ತೊಲೆ, ಜಂತಿಯ ಬಗ್ಗೆ ಕೇಳುವುದಿಲ್ಲ. ಮನೆಗೆ ಎಷ್ಟು ವಯಸ್ಸು ಎಂದೂ ಕೇಳುವುದಿಲ್ಲ. ಸಾಮಾನು ಯಾವುದು ಎಂದಷ್ಟೇ ಕೇಳುತ್ತದೆ.

ತಗಡು ಪಕ್ಕಾ, ಮಣ್ಣು ಕಚ್ಚಾ

ಈ ‘ಸಾಮಾನು ಯಾವುದು’ ಎಂಬ ಪ್ರಶ್ನೆ ಎಲ್ಲಿಂದ ಬಂತು? ಜನಗಣತಿಯಿಂದ. ಜನಗಣತಿಯವರು ಮನೆ ಎಣಿಸುವಾಗ ಗೋಡೆ ಮತ್ತು ಚಾವಣಿಯ ಸಾಮಾನು ಬರೆದುಕೊಳ್ಳುತ್ತಾರೆ. ಎರಡೂ ಗಟ್ಟಿ ಸಾಮಾನಾದರೆ ಶಾಶ್ವತ ಮನೆ, ಎರಡೂ ಅಲ್ಲದಿದ್ದರೆ ತಾತ್ಕಾಲಿಕ ಮನೆ, ಒಂದು ಮಾತ್ರ ಆದರೆ ಅರೆಶಾಶ್ವತ. ಸುಟ್ಟ ಇಟ್ಟಿಗೆ, ಕಾಂಕ್ರೀಟು ಗಟ್ಟಿ ಸಾಮಾನು, ಸರಿ. ಅದರ ಜೊತೆಗೆ ತಗಡು ಮತ್ತು ಸಿಮೆಂಟ್ ಶೀಟು ಕೂಡ ಗಟ್ಟಿ ಸಾಮಾನೇ. ಮಣ್ಣು, ಹಸಿ ಇಟ್ಟಿಗೆ ಅಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ.

ಹಾಗಾದರೆ ನಾಲ್ಕು ಕಡೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ತಗಡು ಹೊಡೆದು, ಮೇಲೆ ತಗಡು ಮುಚ್ಚಿದರೆ ಅದು ಶಾಶ್ವತ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಬೇವಿನ ಕಂಬ, ಮೇಲೆ ಮಣ್ಣಿನ ಮಾಳಿಗೆ, ಮೂರು ತಲೆಮಾರು ಬಾಳಿದ ಮನೆ ತಾತ್ಕಾಲಿಕ. ಮೊದಲನೆಯದರಲ್ಲಿ ಏಪ್ರಿಲ್ ಮಧ್ಯಾಹ್ನ ಯಾರೂ ಕೂರಲಾರರು, ಜೋರು ಗಾಳಿ ಬಂದರೆ ತಗಡು ಪಕ್ಕದ ಹೊಲದಲ್ಲಿ ಸಿಗುತ್ತದೆ. ಆದರೂ ಕಾಗದದಲ್ಲಿ ಅದೇ ಶಾಶ್ವತ.

ಇದು ನಮ್ಮ ಹಳ್ಳಿ ತರ್ಕ ಎಂದು ಯಾರೂ ನಗಬೇಡಿ. ಕೇಂದ್ರ ಸರ್ಕಾರದ್ದೇ ಇನ್ನೊಂದು ಪುಸ್ತಕ ಇದೇ ಮಾತು ಹೇಳುತ್ತದೆ. ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ ಎಂಬ ಸಂಸ್ಥೆ 1997ರಲ್ಲಿ ದೇಶದ ಅಪಾಯ ನಕ್ಷೆ ಪುಸ್ತಕ ತಂದಿತು, 2019ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಜಿಲ್ಲೆ ಜಿಲ್ಲೆಯ ಮನೆಗಳು ಭೂಕಂಪ, ಗಾಳಿ, ನೆರೆಗೆ ಎಷ್ಟು ತಾಳುತ್ತವೆ ಎಂದು ಅದರಲ್ಲಿ ಲೆಕ್ಕ ಇದೆ. ಲೆಕ್ಕಕ್ಕೆ ಬಳಸಿದ್ದು ಅದೇ ಜನಗಣತಿಯ ಅಂಕಿ. ಆದರೆ ಅಲ್ಲಿ ಮಣ್ಣು ಮತ್ತು ಕಲ್ಲಿನ ಗೋಡೆ ‘ಎ’ ಗುಂಪು, ಸುಟ್ಟ ಇಟ್ಟಿಗೆ ‘ಬಿ’, ಕಾಂಕ್ರೀಟು ಮತ್ತು ಮರ ‘ಸಿ’. ತಗಡಿನ ಗೋಡೆ ಎಲ್ಲಿದೆ ಗೊತ್ತೇ? ಬಿದಿರು, ಹುಲ್ಲು, ಎಲೆಗಳ ಜೊತೆ ‘ಇತರೆ’ ಗುಂಪಿನಲ್ಲಿ. ಚಾವಣಿಯನ್ನೂ ಹಗುರ ಇಳಿಜಾರು, ಭಾರ ಇಳಿಜಾರು, ಚಪ್ಪಟೆ ಎಂದು ಬೇರೆಯಾಗಿಯೇ ನೋಡುತ್ತಾರೆ. ಒಂದೇ ತಗಡಿನ ಗೋಡೆ ಒಂದು ಸರ್ಕಾರಿ ಪುಸ್ತಕದಲ್ಲಿ ಶಾಶ್ವತ, ಇನ್ನೊಂದರಲ್ಲಿ ಹುಲ್ಲಿನ ಪಕ್ಕ. ಹಾಗಿದ್ದ ಮೇಲೆ ಪರಿಹಾರದ ಕಾಗದ ಯಾವ ಪುಸ್ತಕ ನಂಬಬೇಕು?

ಮಣ್ಣಿನ ವಿಷಯದಲ್ಲೂ ಕಾಗದ ಬಹಳ ಹಿಂದೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಡದೆ ಗಟ್ಟಿ ಇಟ್ಟಿಗೆ ಮಾಡುವ ಕೆಲಸವನ್ನು ಅಲ್ಲಿಯವರು ನಮ್ಮ ರಾಜ್ಯದಲ್ಲಿ ಬೆಳೆಸಿದರು. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕವೇ ಇದೆ. ಆದರೆ ಸಮೀಕ್ಷೆಯ ಕಾಗದದ ಅಕ್ಷರ ಹಿಡಿದು ಹೊರಟರೆ ಅದು ಸುಡದ ಇಟ್ಟಿಗೆ. ಸುಡದ ಇಟ್ಟಿಗೆಯ ಮನೆ ಕಚ್ಚಾ!

ಅಲ್ಲಿ ಪಕ್ಕಾ, ಇಲ್ಲಿ ಕಚ್ಚಾ

ನೆರೆ ಬಂದಾಗ ಮಾತ್ರ ಈ ಪದ ಕಾಡುತ್ತದೆ ಅಂದುಕೊಳ್ಳಬೇಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಪಟ್ಟಿಗೆ ಹೆಸರು ಸೇರಿಸುವಾಗಲೂ ಇದೇ ಜರಡಿ. ಗೋಡೆ ಅಥವಾ ಚಾವಣಿ, ಎರಡರಲ್ಲಿ ಒಂದು ಪಕ್ಕಾ ಇದ್ದರೂ ಆ ಕುಟುಂಬ ಹೊರಗೆ. ಎರಡಕ್ಕಿಂತ ಹೆಚ್ಚು ಕೋಣೆ ಇದ್ದರೂ ಹೊರಗೆ. ಒಳಗೆ ಬಂದವರಿಗೆ ಬಯಲು ಸೀಮೆಯಲ್ಲಿ ಸಿಗುವುದು 1,20,000 ರೂಪಾಯಿ.

ಈಗ ಒಂದು ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಗೋಡೆಯನ್ನು ಮಗಳ ಮದುವೆ ಹೊತ್ತಿಗೆ ಇಟ್ಟಿಗೆಯಲ್ಲಿ ಕಟ್ಟಿಸಿದ್ದಾರೆ. ಉಳಿದ ಮೂರು ಗೋಡೆ ಮಣ್ಣಿನವು. ಆವಾಸ್ ಪಟ್ಟಿ ಮಾಡುವವರು ಬೀದಿಯಿಂದಲೇ ನೋಡಿ ‘ಪಕ್ಕಾ’ ಅಂದರು, ಹೆಸರು ಹೋಯಿತು. ಎರಡು ವರ್ಷ ಬಿಟ್ಟು ನೆರೆ ಬಂತು. ಹಾನಿ ಬರೆಯುವವರು ಹಿತ್ತಲಿನಿಂದ ಬಂದರು, ಕರಗಿದ ಮಣ್ಣಿನ ಗೋಡೆ ನೋಡಿ ‘ಕಚ್ಚಾ’ ಅಂದರು. 6,500 ಬರುವಲ್ಲಿ 4,000 ಬಂತು. ಮನೆ ಅದೇ, ಜನ ಅದೇ. ಮನೆ ಕೊಡುವಾಗ ಅದು ಪಕ್ಕಾ, ಹಣ ಕೊಡುವಾಗ ಅದು ಕಚ್ಚಾ. ಎರಡೂ ಸಲ ಸೋತದ್ದು ಮನೆಯವರು. ಯಾಕೆಂದರೆ ಆ ಮನೆ ಇರುವುದು ಹೀಗೆ ಎಂದು ಒಂದೇ ಕಡೆ, ಒಂದೇ ಸಲ, ಸರಿಯಾಗಿ ಬರೆದಿಟ್ಟ ಕಾಗದ ಯಾವ ಕಚೇರಿಯಲ್ಲೂ ಇಲ್ಲ.

ಅದೇ ಆವಾಸ್ ಯೋಜನೆ ಇನ್ನೊಂದು ಕಡೆ ಸರಿಯಾದ ಪ್ರಶ್ನೆ ಕೇಳಿದೆ ಎಂಬುದನ್ನೂ ಹೇಳಬೇಕು. ಅದರ ಮಾರ್ಗಸೂಚಿಯ ಪ್ರಕಾರ ಪಕ್ಕಾ ಮನೆ ಎಂದರೆ, ಸಾಮಾನ್ಯ ದುರಸ್ತಿ ಮಾಡಿಕೊಂಡರೆ ಬಳಕೆಯ ಸವೆತಕ್ಕೂ ಗಾಳಿ ಮಳೆಗೂ ತಾಳಿಕೊಂಡು ಕನಿಷ್ಠ 30 ವರ್ಷ ನಿಲ್ಲುವ ಮನೆ. ಎಷ್ಟು ಚೆನ್ನಾದ ಮಾತು! ಸಾಮಾನಿನ ಹೆಸರೇ ಇಲ್ಲ, ತಾಳಿಕೆ ಮಾತ್ರ. ಈ ಅಳತೆ ಹಿಡಿದು ಬನ್ನಿ. ಅಜ್ಜ ಕಟ್ಟಿಸಿದ ಎಷ್ಟು ಮಣ್ಣಿನ ಮನೆಗಳು ಗೆಲ್ಲುತ್ತವೆ, ನಿನ್ನೆ ಮೊನ್ನೆಯ ಎಷ್ಟು ತಗಡಿನ ಶೆಡ್ಡುಗಳು ಸೋಲುತ್ತವೆ ನೋಡೋಣ.

ಪಟ್ಟಣದ ಕಟ್ಟಡಕ್ಕೆ ಹೀಗೆ ಮಾಡುತ್ತಾರೆಯೇ?

ಮಾಡುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ದೊಡ್ಡ ಪುಸ್ತಕ ಇದೆ. ಮೊದಲು ಬಂದದ್ದು 1970ರಲ್ಲಿ, 2016ರಲ್ಲಿ ಪರಿಷ್ಕರಿಸಿದರು. ಅದರ ನಾಲ್ಕನೇ ಭಾಗ ಬೆಂಕಿಯ ಸುರಕ್ಷತೆಯದು. ಅಲ್ಲಿ ಕಟ್ಟಡಗಳನ್ನು ಒಂದರಿಂದ ನಾಲ್ಕರವರೆಗೆ ನಾಲ್ಕು ಬಗೆ ಮಾಡಿದ್ದಾರೆ. ಬಗೆ ತೀರ್ಮಾನವಾಗುವುದು ಹೊರಗಿನ ಬಣ್ಣ ನೋಡಿ ಅಲ್ಲ. ಹೊರಗೋಡೆ, ಒಳಗೋಡೆ, ಕಂಬ, ತೊಲೆ, ಚಾವಣಿ ಒಂದೊಂದೂ ಬೆಂಕಿಯನ್ನು ಎಷ್ಟು ಹೊತ್ತು ತಾಳುತ್ತದೆ ಎಂಬ ಗಂಟೆಯ ಲೆಕ್ಕದಲ್ಲಿ. ಆ ಬಗೆಯನ್ನು ಕಟ್ಟಡ ಏಳುವ ಮೊದಲೇ ನಕ್ಷೆಯಲ್ಲಿ ತೋರಿಸಬೇಕು. ಬೆಂಕಿ ಬಿದ್ದ ಮೇಲೆ ಬೂದಿ ನೋಡಿ ಇದು ಎರಡನೇ ಬಗೆಯೋ ನಾಲ್ಕನೇ ಬಗೆಯೋ ಎಂದು ಯಾರೂ ತೀರ್ಮಾನಿಸುವುದಿಲ್ಲ.

ಪಟ್ಟಣದ ಕಟ್ಟಡಕ್ಕೆ ಇರುವ ಈ ಮರ್ಯಾದೆಯಲ್ಲಿ ಕಾಲು ಭಾಗ ಹಳ್ಳಿಯ ಮನೆಗೂ ಸಿಗಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಕಿಲ್ಲಾರಿಯನ್ನು ನಾವು ಮರೆತಿಲ್ಲ

ಇಲ್ಲಿ ಕೆಲವರು ಕೈ ಎತ್ತುತ್ತಾರೆ. “ಮಣ್ಣಿನ ಮನೆ ಹೊಗಳಬೇಡಿ, ಜನ ಸಾಯುತ್ತಾರೆ” ಎನ್ನುತ್ತಾರೆ. ನಿಜ, ಸಾಯುತ್ತಾರೆ. ನಮ್ಮ ಬೀದರ್, ಕಲಬುರಗಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ ಅವರ ಮೇಲೆ ಬಿತ್ತು.

ಆದರೆ ಕಿಲ್ಲಾರಿ ಹೇಳಿದ ಪಾಠ ಏನು? ಗೋಡೆ ಹೊರಗಿನಿಂದ ನೋಡಲು ಕೋಟೆಯಂತಿತ್ತು. ಒಳಮುಖ ಬೇರೆ, ಹೊರಮುಖ ಬೇರೆ, ನಡುವೆ ಚೂರು ಕಲ್ಲು ತುಂಬಿದ್ದರು. ಎರಡೂ ಮುಖವನ್ನು ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ಮೇಲಿನ ಭಾರ ಅತಿಯಾಗಿತ್ತು. ಅಂದರೆ ಕೊಂದದ್ದು ಕಟ್ಟಿದ ರೀತಿ. ನೆನಪಿಡಿ, ಮಾದರಿ ಸಮೀಕ್ಷೆಯ ಪಟ್ಟಿಯಲ್ಲಿ ಕಲ್ಲು ಎಂದರೆ ಪಕ್ಕಾ ಸಾಮಾನು. ಆ ಪದ ಅಲ್ಲಿ ಯಾರನ್ನೂ ಉಳಿಸುತ್ತಿರಲಿಲ್ಲ.

ಅದೇ 1993ರಲ್ಲಿ ಭಾರತೀಯ ಮಾನಕ ಸಂಸ್ಥೆ ಎರಡು ಪುಸ್ತಕ ತಂದಿತು. ಮಣ್ಣಿನ ಕಟ್ಟಡಕ್ಕೆ ಐಎಸ್ 13827, ಕಡಿಮೆ ಬಲದ ಕಲ್ಲು ಇಟ್ಟಿಗೆ ಕಟ್ಟಡಕ್ಕೆ ಐಎಸ್ 13828. ಗೋಡೆಯ ಎರಡೂ ಮುಖ ಮುಟ್ಟುವ ಕಲ್ಲು ಹಾಕಿ, ಮೂಲೆಗಳನ್ನು ಬಿಗಿಯಿರಿ, ಮನೆ ಸುತ್ತ ಪಟ್ಟಿ ಕಟ್ಟಿ, ಚಾವಣಿಯ ಭಾರ ಇಳಿಸಿ ಎನ್ನುತ್ತವೆ ಅವು. ಮಣ್ಣಿನ ಮನೆಯಲ್ಲೂ ಒಳ್ಳೆಯದು ಕೆಟ್ಟದ್ದು ಇದೆ, ನೋಡಿ ಹೇಳಬಹುದು ಎಂದು ಸರ್ಕಾರದ ಮಾನಕವೇ ಒಪ್ಪಿದೆ. ನೋಡುವವರು ಮಾತ್ರ ಬರುವುದಿಲ್ಲ. ಬರುವುದು ಬಿದ್ದ ಮೇಲೆ.

ನೀರು ಇಳಿದ ಮೇಲೆ ಬೀಳುವ ಗೋಡೆ

ಬಗೆಯ ನಂತರ ಇನ್ನೊಂದು ಕಾಟ ಶೇಕಡಾ ಲೆಕ್ಕದ್ದು. 2019ರ ಆಗಸ್ಟ್ ನೆರೆಯ ನಂತರ ನಮ್ಮ ರಾಜ್ಯ ಸರ್ಕಾರ ಹಾನಿಯನ್ನು ಮೂರು ಪಾಲು ಮಾಡಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ‘ಎ’, 25ರಿಂದ 75ರವರೆಗೆ ‘ಬಿ’, 15ರಿಂದ 25ರವರೆಗೆ ‘ಸಿ’. ‘ಎ’ಗೆ 5 ಲಕ್ಷ ರೂಪಾಯಿ, ‘ಸಿ’ಗೆ 50 ಸಾವಿರ. ಕೇಂದ್ರದ ದರಕ್ಕಿಂತ ಎಷ್ಟೋ ಮೇಲು, ಅದನ್ನು ಒಪ್ಪುತ್ತೇವೆ. ಆದರೆ ಶೇ 24 ಮತ್ತು ಶೇ 26ರ ನಡುವಿನ ಗೆರೆಯನ್ನು ಯಾವ ಪಟ್ಟಿ ಹಿಡಿದು ಅಳೆದರು?

ಮಣ್ಣಿನ ಗೋಡೆಯ ಸ್ವಭಾವ ಗೊತ್ತಿದ್ದವರಿಗೆ ಈ ಅಳತೆಯ ತೊಂದರೆ ತಿಳಿಯುತ್ತದೆ. ನೀರಿನಲ್ಲಿ ಮೂರು ದಿನ ನಿಂತ ಗೋಡೆ ಬುಡದಿಂದ ನೀರು ಕುಡಿದಿರುತ್ತದೆ. ಬುಡ ಮೆತ್ತಗಾಗಿ ಕರಗುತ್ತ ಹೋಗುತ್ತದೆ, ಮೇಲಿನ ಭಾರ ಹಾಗೇ ಇರುತ್ತದೆ. ಸಮೀಕ್ಷೆಯವರು ಬಂದ ದಿನ ಅದು ನಿಂತಿರುತ್ತದೆ, ಒಂದು ಬಿರುಕು ಕಾಣುತ್ತದೆ, ‘ಸಿ’ ಎಂದು ಬರೆದು ಹೋಗುತ್ತಾರೆ. ವಾರದ ಮೇಲೆ ಯಾವುದೋ ರಾತ್ರಿ ಕುಸಿಯುತ್ತದೆ. ಆಗ ಮನೆಯವರು ತಾಲ್ಲೂಕು ಕಚೇರಿಗೆ ಓಡುತ್ತಾರೆ, “ಎಂಟ್ರಿ ಆಗಿಬಿಟ್ಟಿದೆ” ಎಂಬ ಉತ್ತರ ಸಿಗುತ್ತದೆ. ಆ ಕಚೇರಿಗಳ ವರಾಂಡದಲ್ಲಿ ಸುದ್ದಿಗೆ ಕಾಯುವ ನಮಗೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ.

ಕಾಂಕ್ರೀಟು ಮನೆಗೂ ಮಣ್ಣಿನ ಮನೆಗೂ ಒಂದೇ ಶೇಕಡಾ ಪಟ್ಟಿ ಹಿಡಿಯುವುದು ತಪ್ಪು. ಮಣ್ಣಿನ ಮನೆಯ ಬುಡ ನೆನೆದಿದ್ದರೆ ಆ ಗೋಡೆ ಹೋಯಿತು ಎಂದೇ ಲೆಕ್ಕ. ಅದರ ಕೆಳಗೆ ಮಕ್ಕಳನ್ನು ಮಲಗಿಸಿ ಎಂದು ಹೇಳುವ ಧೈರ್ಯ ಯಾವ ಎಂಜಿನಿಯರಿಗಿದೆ?

“ಸಿಬ್ಬಂದಿ ಎಲ್ಲಿದ್ದಾರೆ?”

ನಿಂತಿರುವ ಮನೆಗಳನ್ನೆಲ್ಲ ಮೊದಲೇ ನೋಡಲು ಜನ ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಪಂಚಾಯಿತಿ ಪ್ರತಿ ವರ್ಷ ಮನೆ ಕಂದಾಯ ವಸೂಲಿ ಮಾಡುತ್ತದೆ, ಆಗ ಜನ ಇರುತ್ತಾರಲ್ಲ? ವಸತಿ ಯೋಜನೆಯ ಕಂತು ಬಿಡಲು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಜಾಗದ ಗುರುತಿರುವ ಫೋಟೊ ಕೇಳುತ್ತದೆ, ಬುನಾದಿಗೊಂದು, ಚಾವಣಿಗೊಂದು. ಆ ಫೋಟೊ ತೆಗೆಯಲು ಫೋನೂ ಇದೆ, ಜನರೂ ಇದ್ದಾರೆ. ಹಣ ಬಿಡಲು ಸಾಧ್ಯವಾದದ್ದು ಹೊಳೆದಂಡೆಯ ಊರಿನ ಹಳೇ ಮನೆಗಳನ್ನು ದಾಖಲಿಸಲು ಯಾಕೆ ಸಾಧ್ಯವಿಲ್ಲ? ಎಲ್ಲ ಊರೂ ಬೇಡ. ಪ್ರತಿ ಸಲ ಮುಳುಗುವ ಊರುಗಳ ಪಟ್ಟಿ ತಾಲ್ಲೂಕು ಕಚೇರಿಯಲ್ಲೇ ಇದೆ, ಅಲ್ಲಿಂದ ಶುರು ಮಾಡಿ.

“ಸುಳ್ಳು ಅರ್ಜಿ ಬರುತ್ತವೆ” ಎಂಬುದು ಇನ್ನೊಂದು ಮಾತು. ಬರುತ್ತವೆ, ನಾವೇ ಸುದ್ದಿ ಮಾಡಿದ್ದೇವೆ. ದನದ ಕೊಟ್ಟಿಗೆ ಮನೆಯಾದದ್ದೂ ಇದೆ, ನಿಜವಾದ ಮನೆ ಕೊಟ್ಟಿಗೆಯಾದದ್ದೂ ಇದೆ. ದಲ್ಲಾಳಿ ಹುಟ್ಟುವುದೇ ಇಲ್ಲಿ. ಮನೆ ಮೊದಲು ಹೇಗಿತ್ತು ಎಂಬ ದಾಖಲೆ ಇಲ್ಲದ ಕಡೆ ಯಾರ ಬಾಯಿ ದೊಡ್ಡದೋ ಅವರ ಮಾತು ನಡೆಯುತ್ತದೆ. ಮೊದಲೇ ದಾಖಲೆ ಇದ್ದರೆ ಸುಳ್ಳುಗಾರನಿಗೂ ಜಾಗವಿಲ್ಲ, ದಲ್ಲಾಳಿಗೂ ಕೆಲಸವಿಲ್ಲ.

ನಾವು ಕೇಳುವುದು

ಒಂದು, ಮುಳುಗುವ ಊರುಗಳಲ್ಲಿ ಪ್ರತಿ ಮನೆಗೆ ಒಂದು ಹಾಳೆಯ ದಾಖಲೆ. ಬುನಾದಿ ಯಾವುದು, ಕಟ್ಟೆ ಎಷ್ಟು ಎತ್ತರ, ನಾಲ್ಕೂ ಗೋಡೆ ಯಾವುವು, ಕಂಬ ಇದೆಯೇ, ಚಾವಣಿ ಎಂಥದು, ಎಷ್ಟು ಅಂಕಣ, ಎಷ್ಟು ವರ್ಷ. ಮನೆಯವರ ಸಹಿ, ಪಂಚಾಯಿತಿಯ ಮುದ್ರೆ.

ಎರಡು, ಆವಾಸ್ ಪಟ್ಟಿಗೂ ಹಾನಿ ಪರಿಹಾರಕ್ಕೂ ಆ ಒಂದೇ ಹಾಳೆ. ಒಂದು ಕಚೇರಿಯಲ್ಲಿ ಪಕ್ಕಾ, ಇನ್ನೊಂದರಲ್ಲಿ ಕಚ್ಚಾ ಎಂಬ ಆಟ ನಿಲ್ಲಬೇಕು.

ಮೂರು, ‘ಗುಡಿಸಲು’ ಎಂದು ಬರೆಯುವ ಮುನ್ನ ಕಾರಣ ಬರೆಯಬೇಕು. ಕಂಬ, ಜಂತಿ ಇರುವ ಮನೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು ಸೋರುವುದನ್ನು ತಡೆಯಲು. ಅಷ್ಟಕ್ಕೇ ಅದು ಗುಡಿಸಲಾಗುವುದಿಲ್ಲ.

ನಾಲ್ಕು, ಮಣ್ಣಿನ ಮನೆಗಳನ್ನು ನೀರು ಇಳಿದ ತಕ್ಷಣ ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ನೋಡಬೇಕು. ಎರಡನೇ ಸಲ ಕಂಡದ್ದನ್ನು ದಾಖಲೆಗೆ ಸೇರಿಸಲು ಅವಕಾಶ ಇರಬೇಕು.

ಸರ್ಕಾರ ಮಾಡುವವರೆಗೆ ಕಾಯಬೇಡಿ. ಇದನ್ನು ಓದುತ್ತಿರುವ ನಿಮ್ಮ ಫೋನಿನಲ್ಲೇ ಕ್ಯಾಮೆರಾ ಇದೆ. ಈ ಮಳೆಗಾಲಕ್ಕೆ ಮೊದಲು ನಿಮ್ಮ ಮನೆಯ ನಾಲ್ಕೂ ಗೋಡೆಯನ್ನು ಒಳಗಿನಿಂದ, ಹೊರಗಿನಿಂದ ಫೋಟೊ ತೆಗೆಯಿರಿ. ಕಂಬ, ತೊಲೆ, ಚಾವಣಿ ಕಾಣಲಿ. ಮನೆಯವರು ಬಾಗಿಲಲ್ಲಿ ನಿಂತಿರುವ ಒಂದು ಫೋಟೊ ಇರಲಿ. ಕಂದಾಯದ ರಸೀದಿಯ ಫೋಟೊ ಜೊತೆಗಿರಲಿ. ಪರಿಹಾರ ಕೊಡುವಾಗ ಕಟ್ಟಡ ಅಧಿಕೃತವೇ ಎಂದು ಕೇಳುತ್ತಾರೆ, ಆಗ ಬೇಕಾಗುತ್ತದೆ. ಎಲ್ಲವನ್ನೂ ಬೇರೆ ಊರಿನಲ್ಲಿರುವ ಮಗನಿಗೋ ತಂಗಿಗೋ ಕಳಿಸಿಡಿ. ನೆರೆಯಲ್ಲಿ ಫೋನೂ ಹೋಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಮನೆ ಯಾವ ಬಗೆ ಎಂದು ನಿಮ್ಮ ದಾಖಲೆಯಲ್ಲಿ ಬರೆದಿದ್ದೀರಿ, ಓದಿ ಹೇಳಿ ಎಂದು ಕೇಳಿ. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಹೊಳೆ ಯಾವ ದಿನ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ಮನೆ ಹೇಗಿದೆ ಎಂಬುದು ಇವತ್ತೇ ಗೊತ್ತಿದೆ. ಅದನ್ನು ಇವತ್ತೇ ಬರೆಸಿ.